ಮೇಡಂ ಗಂಟಲು, ಅಡುಗೆಯಮ್ಮನ ಸೊಂಟ

(ಮಂಡ್ಯದಲ್ಲಿ ಸರ್ಕಾರಿ ಶಾಲೆಗಳ ಶಿಕ್ಷಕರು, ಬಿಸಿಯೂಟದ ಅಡುಗೆಯವರು, ಕಚೇರಿ ಸಿಬ್ಬಂದಿ ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳು. ಸಮಯ ಸಾಲದೆ ಅಲ್ಲಿ ಬಿಟ್ಟಿದ್ದ ಒಂದೆರಡು ಸಂಗತಿಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೈಕನ್ನು ಸ್ವಲ್ಪ ಹತ್ತಿರ ಎಳೆದುಕೊಳ್ಳುತ್ತೇನೆ. ನನ್ನ ದನಿ ಹಿಂದಿನ ಸಾಲಿಗೆ ಮುಟ್ಟುವುದಿಲ್ಲ. ಯಾಕೆ ಮುಟ್ಟುವುದಿಲ್ಲ ಅನ್ನುವುದರಿಂದಲೇ ಶುರು ಮಾಡುತ್ತೇನೆ.

ನಾನು 1988ರಲ್ಲಿ ನಾಗಮಂಗಲ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಕೆಲಸಕ್ಕೆ ಸೇರಿದೆ. 2022ರಲ್ಲಿ ಪಾಂಡವಪುರದ ಕಡೆ ಮುಖ್ಯ ಶಿಕ್ಷಕಿಯಾಗಿ ನಿವೃತ್ತಿಯಾದೆ. ಮೊದಲ ಶಾಲೆ ಅಂದರೆ ಒಂದು ಉದ್ದನೆಯ ಹಜಾರ, ನಡುವೆ ಗೋಡೆಯಿಲ್ಲ. ಈ ತುದಿಯಲ್ಲಿ ಎರಡನೇ ತರಗತಿಗೆ ನಾನು ಮಗ್ಗಿ ಹೇಳಿಕೊಡುತ್ತಿದ್ದೆ, ಆ ತುದಿಯಲ್ಲಿ ನಾಲ್ಕನೆಯವರಿಗೆ ಮೇಷ್ಟ್ರು ಪದ್ಯ ಹೇಳಿಸುತ್ತಿದ್ದರು. ಅವರ ದನಿ ಏರಿದರೆ ನನ್ನದೂ ಏರಬೇಕು. ಶೀಟಿನ ಮೇಲೆ ಮಳೆ ಬಿತ್ತೆಂದರೆ ಇಬ್ಬರೂ ಕೂಗಬೇಕು. ಆ ಶಾಲೆ ಬಿಟ್ಟು ಬಂದ ಮೇಲೂ ಕೂಗುವ ಅಭ್ಯಾಸ ನನ್ನನ್ನು ಬಿಡಲಿಲ್ಲ. 2006ರಲ್ಲಿ ಒಂದು ಸೋಮವಾರ ಪ್ರಾರ್ಥನೆಗೆ ನಿಂತು ಬಾಯಿ ತೆರೆದೆ. ಬರೀ ಗಾಳಿ ಬಂತು.

ನೆಗಡಿ ಅಂದುಕೊಂಡೆ. ಅರಿಸಿನದ ಹಾಲು, ಮೆಣಸಿನ ಕಷಾಯ, ಉಪ್ಪುನೀರು ಅಂತ ಒಂದೂವರೆ ತಿಂಗಳು ತಳ್ಳಿದೆ. ಮಕ್ಕಳು ಮನೆಗೆ ಹೋಗಿ "ನಮ್ ಮೇಡಂ ಮಾತಾಡದೇ ಬುಟ್ಬುಟ್ಟವ್ರೆ" ಅಂತ ಹೇಳುತ್ತಿದ್ದರಂತೆ. ಕೊನೆಗೆ ನಮ್ಮ ಮನೆಯವರು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದರು. ನಾವೆಲ್ಲ ಆಯಿಷ್ ಅನ್ನುತ್ತೇವಲ್ಲ, ಅದೇ. 1965ರಿಂದ ನಮ್ಮ ಮಗ್ಗುಲಲ್ಲೇ ಇದೆ. ಕಿವಿ ಕೇಳದ, ಮಾತು ಬಾರದ ಮಕ್ಕಳಿಗೆ ಮಾತ್ರ ಅಂತ ನಾನು ತಿಳಿದುಕೊಂಡಿದ್ದೆ. ನನ್ನದೇ ಶಾಲೆಯ ಮಕ್ಕಳನ್ನು ಅಲ್ಲಿಗೆ ಕಳಿಸಿದ್ದೇನೆ. ಆದರೆ ದನಿ ಕೆಟ್ಟವರಿಗೂ ಅಲ್ಲಿ ಪರೀಕ್ಷೆ, ಚಿಕಿತ್ಸೆ ಇದೆ ಅನ್ನುವುದು ಹದಿನೆಂಟು ವರ್ಷ ಪಾಠ ಮಾಡಿದ ನನಗೆ ಗೊತ್ತಿರಲಿಲ್ಲ. ಇಲ್ಲಿ ಕೂತಿರುವವರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು, ಕೈ ಎತ್ತಿ ನೋಡೋಣ. ಸರಿ, ನಾಲ್ಕೈದು ಕೈ.

ಅಲ್ಲಿ ಗಂಟಲೊಳಗೆ ನೋಡಿ ಹೇಳಿದ್ದು ಇಷ್ಟು. ಮಾತಾಡುವಾಗ ಹೆಣ್ಣಿನ ಧ್ವನಿತಂತುಗಳು ಒಂದು ಸೆಕೆಂಡಿಗೆ ಸುಮಾರು 200 ಸಲ ಒಂದಕ್ಕೊಂದು ತಾಕುತ್ತವೆ. ಗಂಡಸರದು 100ರಿಂದ 120 ಸಲ. ಒಂದು ಪಿರಿಯಡ್ ಪಾಠದಲ್ಲೇ ಲಕ್ಷಗಟ್ಟಲೆ ಸಲ ಆಯಿತು. ಮೆತ್ತಗೆ ತಾಕಿದರೆ ಏನೂ ಆಗುವುದಿಲ್ಲ. ಕೂಗಿದಾಗ ಅವು ಬಡಿದುಕೊಳ್ಳುತ್ತವೆ. ವರ್ಷಗಟ್ಟಲೆ ಬಡಿದುಕೊಂಡರೆ ಬಡಿದ ಜಾಗದಲ್ಲಿ ಗಂಟು ಏಳುತ್ತದೆ. ಕಬ್ಬು ಕಡಿಯುವವರ ಅಂಗೈ ನೋಡಿದ್ದೀರಿ, ಮಚ್ಚು ಹಿಡಿಯುವ ಜಾಗದಲ್ಲಿ ಜಡ್ಡು ಕಟ್ಟಿರುತ್ತದೆ. ನನ್ನ ಗಂಟಲಲ್ಲಿ ಕಟ್ಟಿದ್ದೂ ಅಂಥ ಜಡ್ಡೇ. ಎರಡೂ ಕಡೆ ಒಂದೊಂದು. ಗಂಟು ಇರುವ ಕಡೆ ತಂತುಗಳು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಸಂದಿಯಿಂದ ಗಾಳಿ ಸೋರುತ್ತದೆ, ದನಿ ಒಡೆಯುತ್ತದೆ.

ಆಮೇಲೆ ಅಲ್ಲಿದ್ದ ಹುಡುಗಿ, ನನ್ನ ಮಗಳ ವಯಸ್ಸು, ಒಂದು ಪ್ರಶ್ನೆ ಕೇಳಿದಳು. "ಮೇಡಂ, ಸ್ಕೂಲಲ್ಲಿ ದಿನಕ್ಕೆ ಎಷ್ಟು ನೀರು ಕುಡೀತೀರಿ?"

ನಾನು ಸುಮ್ಮನಾದೆ. ಉತ್ತರ ಗೊತ್ತಿತ್ತು. ಕುಡಿಯುತ್ತಿರಲಿಲ್ಲ. ಬೆಳಗ್ಗೆ ಮನೆ ಬಿಡುವ ಮುಂಚೆ ಒಂದು ಲೋಟ ಕಾಫಿ, ಮಧ್ಯಾಹ್ನ ಊಟದ ಜೊತೆ ಎರಡು ಗುಟುಕು. ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ಮುಂಚೆ ಬಚ್ಚಲಿಗೆ ಓಡುತ್ತಿದ್ದೆ. ಯಾಕೆಂದರೆ ನಮ್ಮ ಶಾಲೆಯಲ್ಲಿ ಟೀಚರುಗಳಿಗೆ ಶೌಚಾಲಯ ಇರಲಿಲ್ಲ. ಮಕ್ಕಳದ್ದು ಒಂದಿತ್ತು, ಅದಕ್ಕೆ ಚಿಲಕ ಇರಲಿಲ್ಲ, ನೀರು ಇರಲಿಲ್ಲ. ನೀರು ಕುಡಿದರೆ ಎಲ್ಲಿಗೆ ಹೋಗಲಿ? ಊರಿನಲ್ಲಿ ಯಾರದಾದರೂ ಮನೆ ಬಾಗಿಲಿಗೆ ಹೋಗಿ ಕೇಳಬೇಕು. ದಿನಾ ಕೇಳಲು ಆಗುತ್ತದೆಯೇ?

ಧ್ವನಿತಂತುಗಳ ಮೇಲೆ ತೆಳ್ಳನೆಯ ಲೋಳೆಯ ಪಸೆ ಇರುತ್ತದೆ. ಗಾಡಿಯ ಅಚ್ಚಿಗೆ ಕೀಲೆಣ್ಣೆ ಇದ್ದ ಹಾಗೆ. ಮೈಯಲ್ಲಿ ನೀರು ಕಡಿಮೆಯಾದರೆ ಆ ಪಸೆ ಅಂಟಂಟಾಗುತ್ತದೆ, ಉಜ್ಜಾಟ ಹೆಚ್ಚುತ್ತದೆ. ಸೀಮೆಸುಣ್ಣದ ದೂಳು ಬೇರೆ. ಗಂಟಲು ಕೆರೆದ ಹಾಗಾಗಿ ಕ್ಯಾಕರಿಸುತ್ತೇವೆ. ಕ್ಯಾಕರಿಸಿದಾಗ ತಂತುಗಳು ಇನ್ನೂ ಜೋರಾಗಿ ಬಡಿದುಕೊಳ್ಳುತ್ತವೆ. ನೀರು ಕುಡಿಯದೆ, ಮೂತ್ರ ಕಟ್ಟಿಕೊಂಡೇ ಇದ್ದರೆ ಉರಿಮೂತ್ರ, ಸೋಂಕು. ನೀರು ಸಾಲದ ಮೈಯಲ್ಲಿ ಮೂತ್ರಪಿಂಡದ ಕಲ್ಲೂ ಬೇಗ ಆಗುತ್ತದೆ. ಈ ಸಭೆಯಲ್ಲಿರುವ ಹೆಣ್ಣುಮಕ್ಕಳಿಗೆ ನಾನು ಇದನ್ನು ವಿವರಿಸಬೇಕಾಗಿಲ್ಲ. ಗಂಡಸರು ಕೇಳಿಸಿಕೊಳ್ಳಲಿ ಅಂತ ಹೇಳುತ್ತಿದ್ದೇನೆ.

ಅವತ್ತಿನಿಂದ ನನಗೆ ಒಂದು ತಿಳಿವಳಿಕೆ ಬಂತು. ನನ್ನ ಗಂಟಲಿನ ಕಾಯಿಲೆ ಗಂಟಲಿನಲ್ಲಿ ಶುರುವಾದದ್ದಲ್ಲ. ಶಾಲೆಯ ಹಿತ್ತಲಲ್ಲಿ, ಚಿಲಕವಿಲ್ಲದ ಆ ಶೌಚಾಲಯದಲ್ಲಿ, ಗೋಡೆಯಿಲ್ಲದ ಹಜಾರದಲ್ಲಿ ಶುರುವಾದದ್ದು. ಶಿಕ್ಷಕರ ಆರೋಗ್ಯ ಅಂದಕೂಡಲೇ ನಾವು ಶಾಮಿಯಾನ ಹಾಕಿ ಒಂದು ದಿನದ ಶಿಬಿರ ಮಾಡುತ್ತೇವೆ. ಬಿ.ಪಿ. ನೋಡುತ್ತಾರೆ, ಶುಗರ್ ನೋಡುತ್ತಾರೆ, ಫೋಟೋ ತೆಗೆಯುತ್ತಾರೆ. ಶಿಬಿರ ಬೇಡ ಅನ್ನುವುದಿಲ್ಲ, ಶಿಬಿರದಲ್ಲೇ ಶುಗರ್ ಗೊತ್ತಾದ ಗೆಳತಿಯರು ನನಗಿದ್ದಾರೆ. ಮೂವತ್ತು ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ರಕ್ತದೊತ್ತಡ, ಸಕ್ಕರೆ ಉಚಿತವಾಗಿ ನೋಡುತ್ತಾರೆ, ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯೂ ಅದೇ ಕಾರ್ಯಕ್ರಮದಲ್ಲಿದೆ. ದಯವಿಟ್ಟು ಮಾಡಿಸಿಕೊಳ್ಳಿ. ಆದರೆ ವರ್ಷದ ಆ ಒಂದು ದಿನ ಅಲ್ಲ, ಶಾಲೆ ನಡೆಯುವ ಉಳಿದ ಇನ್ನೂರಿಪ್ಪತ್ತು ದಿನ ಬೆಳಗ್ಗೆಯಿಂದ ಸಂಜೆಯವರೆಗೆ ಶಾಲೆಯಲ್ಲಿ ಏನು ನಡೆಯುತ್ತದೆ ಅನ್ನುವುದೇ ನಮ್ಮ ಆರೋಗ್ಯ.

ಚಿಕಿತ್ಸೆಯ ಮಾತಿಗೆ ಬರುತ್ತೇನೆ. ನನಗೆ ಶಸ್ತ್ರಚಿಕಿತ್ಸೆ ಆಗಲಿಲ್ಲ. ಇಂಥ ಗಂಟಿಗೆ ಮೊದಲು ಮಾಡುವುದು ದನಿಯ ಅಭ್ಯಾಸ. ಉಸಿರು ಎಲ್ಲಿಂದ ತೆಗೆದುಕೊಳ್ಳಬೇಕು, ಕುತ್ತಿಗೆಯ ನರ ಬಿಗಿಯದೆ ಮಾತು ಹೇಗೆ ಹೊರಡಿಸಬೇಕು ಅಂತ ವಾರಗಟ್ಟಲೆ ಕಲಿಸಿದರು. ಪಿಸುಮಾತೂ ಬೇಡ ಅಂದರು, ಅದರಲ್ಲೂ ಗಂಟಲು ಬಿಗಿಯುತ್ತದಂತೆ. ತರಗತಿಯನ್ನು ಸುಮ್ಮನಾಗಿಸಲು ದನಿ ಬಳಸಬೇಡಿ, ಕೈ ಬಳಸಿ ಅಂದರು. ನಾನು ಕೈ ಎತ್ತಿ ನಿಂತರೆ ಮಕ್ಕಳು ಒಬ್ಬರನ್ನು ನೋಡಿ ಒಬ್ಬರು ಕೈ ಎತ್ತಿ ಸುಮ್ಮನಾಗಬೇಕು ಅಂತ ರೂಢಿ ಮಾಡಿದೆ. ಒಂದೇ ವಾರದಲ್ಲಿ ಕಲಿತರು. ಹದಿನೆಂಟು ವರ್ಷ ಕೂಗಿದ್ದೇನಲ್ಲ ಅಂತ ಅವತ್ತು ತುಂಬ ಬೇಜಾರಾಯಿತು. ಶಿಕ್ಷಕರ ತರಬೇತಿಯ ಟಿ.ಸಿ.ಎಚ್. ಓದುವಾಗ ಪಾಠ ಯೋಜನೆ ಬರೆಯುವುದು ಕಲಿಸಿದರು, ಕಪ್ಪುಹಲಗೆಯಲ್ಲಿ ಅಕ್ಷರ ದುಂಡಗೆ ಬರೆಯುವುದು ಕಲಿಸಿದರು. ದನಿ ಕಾಪಾಡಿಕೊಳ್ಳುವುದನ್ನು ಯಾರೂ ಕಲಿಸಲಿಲ್ಲ. ಹಾಡುವವರು ಗಂಟಲನ್ನು ಹೇಗೆ ನೋಡಿಕೊಳ್ಳುತ್ತಾರೆ! ನಾವು ಅವರಿಗಿಂತ ಹೆಚ್ಚು ಹೊತ್ತು ದನಿ ಬಳಸುವವರು. ದನಿ ಒಡೆದು ಎರಡು ಮೂರು ವಾರವಾದರೂ ಸರಿಹೋಗದಿದ್ದರೆ ಕಷಾಯ ಕುಡಿಯುತ್ತಾ ಕೂರಬೇಡಿ. ಇಲ್ಲೇ ಮಂಡ್ಯದ ಸರ್ಕಾರಿ ವೈದ್ಯಕೀಯ ಸಂಸ್ಥೆ ಮಿಮ್ಸ್‌ನ ಕಿವಿ, ಮೂಗು, ಗಂಟಲು ವಿಭಾಗದಲ್ಲಿ ತೋರಿಸಿ, ಇಲ್ಲವೇ ಮೈಸೂರಿಗೆ ಹೋಗಿ.

ದನಿಗೆ ವಿಶ್ರಾಂತಿ ಬೇಕು ಅಂತ ರಜೆ ಕೇಳಲು ಹೋದಾಗ ಅಧಿಕಾರಿಯೊಬ್ಬರು "ಮಾತಾಡಕ್ಕಾಗದಿದ್ರೆ ಬೋರ್ಡ್ ಮೇಲೆ ಬರೀರಿ" ಅಂದರು. ಕಾಲು ಮುರಿದಿದ್ದರೆ ಹಾಗೆ ಅನ್ನುತ್ತಿರಲಿಲ್ಲ. ಕಣ್ಣಿಗೆ ಕಾಣದ ನೋವಿಗೆ ನಮ್ಮಲ್ಲಿ ಬೆಲೆ ಇಲ್ಲ. ಕಾಗದದ ಮೇಲೆ ರಜೆಗಳು ಹೆಚ್ಚಿವೆ, ಅದು ಒಳ್ಳೆಯದೇ. ಮಹಿಳಾ ನೌಕರರಿಗೆ 2021ರಲ್ಲಿ 180 ದಿನಗಳ ಶಿಶುಪಾಲನಾ ರಜೆ ಬಂತು. ತಿಂಗಳಿಗೆ ಒಂದು ದಿನ ಸಂಬಳಸಹಿತ ಮುಟ್ಟಿನ ರಜೆಗೆ 2025ರ ಅಕ್ಟೋಬರಿನಲ್ಲಿ ಸಚಿವ ಸಂಪುಟ ಒಪ್ಪಿತು. ಆದರೆ ಏಕೋಪಾಧ್ಯಾಯ ಶಾಲೆಯಲ್ಲಿರುವ ಟೀಚರು ಯಾವ ರಜೆಯನ್ನು ಹೇಗೆ ಹಾಕಬೇಕು? ಅವಳು ಬಾರದ ದಿನ ಶಾಲೆಯ ಬೀಗವೇ ತೆಗೆಯುವುದಿಲ್ಲ. ಪಕ್ಕದ ಶಾಲೆಯಿಂದ ಒಬ್ಬರನ್ನು ಕಳಿಸಿದರೆ ಅಲ್ಲಿಯ ಮಕ್ಕಳು ಪರದಾಡುತ್ತಾರೆ. ಹತ್ತಿರದ ಶಾಲೆಗಳ ಗುಂಪಾದ ಕ್ಲಸ್ಟರಿಗೆ ಒಬ್ಬರಾದರೂ ಬದಲಿ ಶಿಕ್ಷಕರು ಇರಬೇಕು, ಅವರ ಕೆಲಸವೇ ರಜೆಯಲ್ಲಿರುವವರ ಜಾಗ ತುಂಬುವುದಾಗಿರಬೇಕು ಅಂತ ನಾನು ಸೇವೆಯಲ್ಲಿದ್ದಾಗಲೂ ಬರೆದು ಕೊಟ್ಟಿದ್ದೆ. ಇವತ್ತೂ ಅದನ್ನೇ ಕೇಳುತ್ತೇನೆ. ಎಷ್ಟು ಬಗೆಯ ರಜೆ ಕೊಟ್ಟರೂ ಬದಲಿ ಮನುಷ್ಯರನ್ನು ಕೊಡದಿದ್ದರೆ ಜ್ವರ ಬಂದವರು ಮಾತ್ರೆ ನುಂಗಿ ಶಾಲೆಗೆ ಬರುತ್ತಾರೆ.

ಕೆಲಸದಲ್ಲಿ ಖುಷಿ ಇದ್ದರೆ ದೇಹ ಎಷ್ಟೋ ತಡೆದುಕೊಳ್ಳುತ್ತದೆ. ಕಾರ್ಡು, ಹಾಡುಗಳಿಂದ ಮಕ್ಕಳಿಗೆ ಗುಂಪಿನಲ್ಲಿ ಕಲಿಸುವ ನಲಿಕಲಿ ಪದ್ಧತಿ ನಮ್ಮ ಪಕ್ಕದ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ್ದು, 1995ರಲ್ಲಿ. ಆಂಧ್ರದ ರಿಷಿ ವ್ಯಾಲಿಗೆ ಹೋಗಿ ನೋಡಿಕೊಂಡು ಬಂದ ನಮ್ಮದೇ ಹಳ್ಳಿ ಶಾಲೆಯ ಮೇಷ್ಟರು, ಮೇಡಮ್ಮುಗಳು ತಾವೇ ಕೂತು ಕಾರ್ಡು ಬರೆದರು, ಚಿತ್ರ ಬಿಡಿಸಿದರು, ಹಾಡು ಕಟ್ಟಿದರು. ಮೇಲಿನಿಂದ ಸುತ್ತೋಲೆ ಬಂದು ಆದದ್ದಲ್ಲ. ಅವರಲ್ಲಿ ಕೆಲವರನ್ನು ಆಮೇಲೆ ತರಬೇತಿಗಳಲ್ಲಿ ನೋಡಿದ್ದೇನೆ. ಆ ದಿನಗಳ ಮಾತು ಬಂದರೆ ಮುಖದಲ್ಲಿ ಬೆಳಕು ಬರುತ್ತಿತ್ತು. ನಮ್ಮ ಶಾಲೆಗೆ ನಲಿಕಲಿ ಬಂದಾಗ ನನ್ನ ಗಂಟಲಿಗೆ ಅದು ವರವಾಯಿತು. ಐದಾರು ಮಕ್ಕಳ ಗುಂಪಿನ ಪಕ್ಕ ಕೂತು ಮಾತಾಡುವಾಗ ಕೂಗುವ ಪ್ರಮೇಯವೇ ಇಲ್ಲ. ಆದರೆ ಐವತ್ತರ ಹತ್ತಿರ ಬಂದ ಮಂಡಿಗೆ ದಿನವಿಡೀ ನೆಲದ ಮೇಲೆ ಕೂರುವುದು, ಏಳುವುದು ಕಷ್ಟ. ಒಂದು ಗಿಡ್ಡ ಸ್ಟೂಲು ತರಿಸಿಕೊಂಡೆ. ಇದೂ ಒಂದು ದೊಡ್ಡ ವಿಷಯವೇ ಅನ್ನಬೇಡಿ. ಕೂರಲು ಕುರ್ಚಿ ಇದ್ದರೂ ಕೂತರೆ ಸೋಮಾರಿ ಅನ್ನುತ್ತಾರೆ ಎಂದು ನಿಂತೇ ಇದ್ದು, ಕಾಲಿನ ನರ ಗಂಟುಗಟ್ಟಿದ ಎಷ್ಟು ಜನ ಇಲ್ಲಿಲ್ಲ?

ಈಗ ಮನಸ್ಸಿನ ವಿಷಯ. ನನ್ನ ಸೊಸೆಯೂ ಟೀಚರು. 2025ರ ಸೆಪ್ಟೆಂಬರ್ 22ರಿಂದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ನಡೆಯಿತಲ್ಲ, ಅದಕ್ಕೆ ಅವಳೂ ಹೋಗಿದ್ದಳು. ಊರೆಲ್ಲ ದಸರಾ ಗೊಂಬೆ ಕೂರಿಸುತ್ತಿದ್ದಾಗ ಅವಳು ಬಾಗಿಲ ಮೇಲೆ ಅಂಟಿಸಿದ ಸ್ಟಿಕ್ಕರು ಹುಡುಕಿಕೊಂಡು ಬೀದಿ ಬೀದಿ ತಿರುಗುತ್ತಿದ್ದಳು. ಆ್ಯಪ್ ತೆರೆಯುವುದಿಲ್ಲ, ಒ.ಟಿ.ಪಿ. ಬರುವುದಿಲ್ಲ, ಕೆಲವು ಮನೆಯವರು ಬಾಗಿಲಲ್ಲೇ ಗದರಿಸುತ್ತಾರೆ. ಮುಗಿಯದೇ ಇದ್ದಾಗ ಅಕ್ಟೋಬರ್ 18ರವರೆಗೆ ಶಾಲೆಗಳಿಗೆ ರಜೆ ಮುಂದುವರಿಸಿದರು. ರಜೆ ಮಕ್ಕಳಿಗೆ. ನಾಡಿನ ಲೆಕ್ಕ ತಿಳಿಯಬೇಕು, ಆ ಕೆಲಸಕ್ಕೆ ನಾನು ವಿರೋಧಿಯಲ್ಲ, ನಾನೂ ಜನಗಣತಿ ಮಾಡಿದವಳು. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ನು ಹತ್ತು ವರ್ಷದ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇವು ಮೂರನ್ನು ಬಿಟ್ಟು ಶಿಕ್ಷಕರನ್ನು ಬೇರೆ ಕೆಲಸಕ್ಕೆ ಹಾಕಬಾರದು ಅನ್ನುತ್ತದೆ. ಶಿಕ್ಷಕರ ಬಿಡುವನ್ನು ಯಾರು ಬೇಕಾದರೂ ತೆಗೆದುಕೊಳ್ಳಬಹುದಾದ ಗೋಮಾಳ ಅಂದುಕೊಳ್ಳಬಾರದು.

ಇನ್ನು ವಾಟ್ಸಾಪು. ರಾತ್ರಿ ಹತ್ತಕ್ಕೆ "ಅತಿ ಜರೂರು, ನಾಳೆ ಹತ್ತು ಗಂಟೆಯೊಳಗೆ" ಅಂತ ಮಾಹಿತಿ ಕೇಳುತ್ತಾರೆ. ಹಾಲಿನ ಲೆಕ್ಕ, ಮೊಟ್ಟೆಯ ಲೆಕ್ಕ, ಆಧಾರ್ ಜೋಡಣೆ, ಮಕ್ಕಳ ದಾಖಲೆ ಇಡುವ ಎಸ್‌.ಎ.ಟಿ.ಎಸ್. ತಿದ್ದುಪಡಿ. ಕೇಳುವ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ ಸಿ.ಆರ್.ಪಿ.ಗೂ ಮೇಲಿನಿಂದ ಅದೇ ಒತ್ತಡ, ಕ್ಷೇತ್ರ ಶಿಕ್ಷಣಾಧಿಕಾರಿ ಬಿ.ಇ.ಒ. ಆಫೀಸಿನ ಗುಮಾಸ್ತರಿಗೂ ಅದೇ. ಅವರೂ ಶಾಲೆಯ ನೌಕರರೇ, ಅವರ ನಿದ್ದೆಯೂ ನಿದ್ದೆಯೇ. ಇಲ್ಲಿರುವ ಅಧಿಕಾರಿಗಳನ್ನು ಕೈಮುಗಿದು ಕೇಳುತ್ತೇನೆ: ಸಂಜೆ ಆರರ ಮೇಲೆ ಸಂದೇಶ ಹಾಕಬೇಡಿ. ಹಾಕಲೇಬೇಕಾದರೆ ಮರುದಿನದ ಸಂಜೆಯವರೆಗೆ ಸಮಯ ಕೊಡಿ. ದುಡ್ಡಿನ ಖರ್ಚಿಲ್ಲ, ಆದೇಶ ಬೇಕಿಲ್ಲ, ನಿಮ್ಮ ಗ್ರೂಪಿನಲ್ಲಿ ನಾಳೆಯಿಂದಲೇ ಆಗುತ್ತದೆ.

ಸಾಲ, ವರ್ಗಾವಣೆ, ಗಂಡ ಒಂದು ಜಿಲ್ಲೆ ಹೆಂಡತಿ ಒಂದು ಜಿಲ್ಲೆ, ಪಿಂಚಣಿಯ ಚಿಂತೆ. 2006ರ ಏಪ್ರಿಲ್‌ನಿಂದ ಈಚೆಗೆ ಸೇರಿದ, ಹಳೆಯ ಪಿಂಚಣಿ ಸಿಗದವರಿಗೆ ಆ ಚಿಂತೆ ಎಂಥದ್ದೆಂದು ನನಗಿಂತ ಚೆನ್ನಾಗಿ ಗೊತ್ತು. ಇವೆಲ್ಲ ಒಟ್ಟುಗೂಡಿ ನಿದ್ದೆ ಕೆಡುತ್ತದೆ, ಸುಮ್ಮಸುಮ್ಮನೆ ಮಕ್ಕಳ ಮೇಲೆ ರೇಗುವಂತಾಗುತ್ತದೆ, ಬೆಳಗ್ಗೆ ಶಾಲೆಯ ಹಾದಿ ಹಿಡಿಯಲು ಎದೆ ಭಾರವಾಗುತ್ತದೆ. ಆಗ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಮನಸ್ಸಿನ ಕಷ್ಟ ಕೇಳುವ ಸರ್ಕಾರದ ಸಹಾಯವಾಣಿ. 2022ರಿಂದ ಇದೆ, ನಿಮ್ಹಾನ್ಸ್ ಇದರ ಮುಂದಾಳು, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೇಳುವುದಿಲ್ಲ. ಮೇಷ್ಟ್ರಿಗೇ ಹುಚ್ಚು ಅನ್ನುತ್ತಾರೇನೋ ಅನ್ನುವ ಅಂಜಿಕೆಯಿಂದ ನನ್ನ ಸಹೋದ್ಯೋಗಿಯೊಬ್ಬರು ಎರಡು ವರ್ಷ ಯಾರಿಗೂ ಹೇಳದೆ ನರಳಿದರು. ನಾನು ಪಕ್ಕದ ಕೋಣೆಯಲ್ಲೇ ಇದ್ದೆ. ಕೇಳಲಿಲ್ಲ. ಅದು ನನಗೆ ಇವತ್ತಿಗೂ ನೋವು.

ಓಡಾಟದ ಬಗ್ಗೆ ಒಂದೇ ಮಾತು. ನಮ್ಮ ಜಿಲ್ಲೆಯ ಎಷ್ಟೋ ಶಾಲೆಗಳ ದಾರಿ ನಾಲೆಯ ಏರಿ. 2018ರ ನವೆಂಬರಿನಲ್ಲಿ ಕನಗನಮರಡಿಯ ಹತ್ತಿರ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಸ್ಸು ಉರುಳಿ ಮೂವತ್ತು ಜನ ಹೋದರು, ಅದರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಸ್ಕೂಟರಿನಲ್ಲಿ ಹೋಗುವ ಟೀಚರುಗಳೇ, ಹಾಜರಿಗೆ ಐದು ನಿಮಿಷ ತಡವಾದರೆ ಆಗಲಿ.

ಇಷ್ಟು ಹೊತ್ತು ನಾನು ಕಾಯಂ ನೌಕರರ ಮಾತಾಡಿದೆ. ನಮಗೆ 1963ರ ವೈದ್ಯಕೀಯ ಹಾಜರಾತಿ ನಿಯಮಗಳ ಮರುಪಾವತಿ ಇತ್ತು, ಜ್ಯೋತಿ ಸಂಜೀವಿನಿ ಯೋಜನೆ ಬಂತು, ಈಗ ಸಂಬಳದಿಂದ ವಂತಿಕೆ ಹಿಡಿದು ನಗದಿಲ್ಲದೆ ಚಿಕಿತ್ಸೆ ಕೊಡಿಸುವ ಆರೋಗ್ಯ ಸಂಜೀವಿನಿ ಇದೆ. ಅದೇ ಶಾಲೆಯಲ್ಲಿ ಅದೇ ಮಕ್ಕಳಿಗೆ ಪಾಠ ಮಾಡುವ ಅತಿಥಿ ಶಿಕ್ಷಕಿಗೆ ಇವು ಯಾವುವೂ ಇಲ್ಲ. ಅವಳ ಗೌರವಧನ ತಿಂಗಳು ತಿಂಗಳು ಸರಿಯಾಗಿ ಕೈಸೇರುವುದೂ ಇಲ್ಲ. ಬಿಸಿಯೂಟದ ಅಮ್ಮಂದಿರದು ಇನ್ನೂ ಕಷ್ಟ. ಕೇಂದ್ರ ಸರ್ಕಾರ 2009ರಲ್ಲಿ ಅಡುಗೆಯವರಿಗೆ ತಿಂಗಳಿಗೆ 1,000 ರೂಪಾಯಿ ನಿಗದಿ ಮಾಡಿತು, ವರ್ಷಕ್ಕೆ ಹತ್ತು ತಿಂಗಳು ಮಾತ್ರ. ರಾಜ್ಯ ತನ್ನ ಪಾಲು ಸೇರಿಸುತ್ತಾ ಬಂದಿದೆ, ಆದರೂ ಅದಕ್ಕೆ ಸಂಬಳ ಅನ್ನುವ ಹೆಸರಿಲ್ಲ. ಹಾಲು ಕಾಯಿಸಬೇಕು, ರಾಗಿ ಮಾಲ್ಟ್ ಕಲಸಬೇಕು, ಮೊಟ್ಟೆ ಬೇಯಿಸಬೇಕು, ಅನ್ನ ಬಸಿಯಬೇಕು, ಕುದಿಯುವ ಸಾರಿನ ಪಾತ್ರೆ ಇಳಿಸಬೇಕು. ಆ ಪಾತ್ರೆಯನ್ನು ಒಬ್ಬಳೇ ಎತ್ತಬಾರದು. ಒಲೆಯನ್ನು ಸೊಂಟದ ಮಟ್ಟದ ಕಟ್ಟೆಯ ಮೇಲೆ ಇಡಿ, ಸಾರನ್ನು ಎರಡು ಸಣ್ಣ ಪಾತ್ರೆಗೆ ಬಗ್ಗಿಸಿಕೊಂಡು ಒಯ್ಯಿರಿ. ಬಿ.ಪಿ.ಎಲ್. ಕಾರ್ಡ್ ಇರುವವರು ನೆನಪಿಡಿ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ನಿಮ್ಮ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದಿದ್ದರೆ ಅವರೇ ಬರೆದುಕೊಡುತ್ತಾರೆ.

ಇಷ್ಟಕ್ಕೆ ನನ್ನ ಮಾತು ಮುಗಿಸಿದ್ದೆ. ಪ್ರಶ್ನೆ ಕೇಳಿ ಅಂದಾಗ ಶಿಕ್ಷಕರು ಮೂರ್ನಾಲ್ಕು ಜನ ಗಂಟಲಿನ ಬಗ್ಗೆ, ಸೊಂಟಕ್ಕೆ ಕಟ್ಟಿಕೊಳ್ಳುವ ಸಣ್ಣ ಸ್ಪೀಕರಿನ ಬಗ್ಗೆ ಕೇಳಿದರು. ಕೊಳ್ಳಿ, ಶಾಲೆಯ ಅನುದಾನದಲ್ಲಿ ಆಗದಿದ್ದರೆ ಹಳೆಯ ವಿದ್ಯಾರ್ಥಿಗಳನ್ನು ಕೇಳಿ ಅಂದೆ. ಕೊನೆಯ ಸಾಲಿನಲ್ಲಿ ಒಬ್ಬ ಅಡುಗೆಯಮ್ಮ ಎದ್ದು ನಿಂತರು. ಸೆರಗು ಕೈಯಲ್ಲಿ ಹಿಡಿದುಕೊಂಡೇ ಮಾತಾಡಿದರು.

"ಮೇಡಮ್ಮೋರೆ, ನಂಗೆ ಎಂಟ್ ತಿಂಗ್ಳಿಂದ ಸೊಂಟ. ಆಸ್ಪತ್ರೆಗೋಗು ಅಂತೀರ. ನಾನ್ ಹೋದ್ರೆ ಅವತ್ತು ಮಕ್ಳಿಗೆ ಊಟ ಯಾರ್ ಮಾಡದು?"

ನಿಮ್ಮ ಶಾಲೆಯಲ್ಲಿ ಎಷ್ಟು ಮಕ್ಕಳು ಅಂತ ಕೇಳಿದೆ. ಎಪ್ಪತ್ತೆಂಟು ಅಂದರು. ಇಪ್ಪತ್ತೈದು ದಾಟಿ ನೂರರವರೆಗೆ ಮಕ್ಕಳಿದ್ದರೆ ಇಬ್ಬರು ಅಡುಗೆಯವರು ಇರಬೇಕು ಅನ್ನುವುದು ನಿಯಮ. ಇನ್ನೊಬ್ಬರು ಮಗಳ ಬಾಣಂತನಕ್ಕೆ ಹೋದವರು ಮತ್ತೆ ಬರಲಿಲ್ಲವಂತೆ, ಆ ಜಾಗ ಹಾಗೇ ಇದೆಯಂತೆ. ಅವರ ಮುಖ್ಯ ಶಿಕ್ಷಕರು ಸಭೆಯಲ್ಲೇ ಇದ್ದರು. ಎದ್ದು ಬಂದು ಮೈಕು ತೆಗೆದುಕೊಂಡು, ಶಾಲೆಯ ಆಡಳಿತ ಸಮಿತಿ ಎಸ್.ಡಿ.ಎಂ.ಸಿ. ಅಧ್ಯಕ್ಷರ ಜೊತೆ ಮಾತಾಡಿ ಈ ಮಂಗಳವಾರ ಊರಿನಿಂದ ಇಬ್ಬರನ್ನು ಅಡುಗೆಗೆ ಕರೆಸುತ್ತೇನೆ, ಖಾಲಿ ಜಾಗದ ಬಗ್ಗೆ ಅದೇ ದಿನ ಬರೆದು ಕಳಿಸುತ್ತೇನೆ, ನೀವು ಆಸ್ಪತ್ರೆಗೆ ಹೋಗಿಬನ್ನಿ ಅಂದರು.

ಆಕೆ ಇನ್ನೂ ನಿಂತೇ ಇದ್ದರು. "ಅವತ್ತಿನ ದುಡ್ಡು ಹಿಡ್ಕತಾರ ಸಾ?"

"ಇಲ್ಲ" ಅಂದರು ಅವರು, ಮೈಕಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ.